ಅಡಿಟಿಪ್ಪಣಿ ಹದಿನಾಲ್ಕು

ಟೆಮಾ ಬಂದರಿನ ಟ್ಯೂನಾ ಕಾರ್ಖಾನೆಯಲ್ಲಿ
ನನಗೆ ಸಿಕ್ಕ ಮೊದಲ ಕೆಲಸ
ಶೂ ಡಬ್ಬಿ ತುಂಬ ಡೀಸೆಲ್ ರಸೀದಿ.
ಅರ್ಧಕ್ಕರ್ಧ ಸೆಕೆಗೆ ಬಿಳಿಚಿಕೊಂಡಿದ್ದವು.
ಕಿಟಕಿಗೆ ಹಿಡಿದು, ಓರೆಮಾಡಿ,
ಮೂರೋ ಎಂಟೋ ಎಂದು ಕಣ್ಣು ಕಿರಿದು ಮಾಡುವಾಗ
ಲಾರ್ಟೇ ಹೇಳಿದರು:
‘ವರದಿ ಅಂದ್ರೆ ಇದೇ, ದೇದೇಯ್.
ಮುಖಪುಟದ ಮರ ಆಮೇಲೆ ಬರುತ್ತೆ.’

ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗದು;
ಉರಿದರೆ ಅದರ ಹೊಗೆ ಎರಡೂವರೆ ಕಿಲೋ ಮೇಲೆ.
ಎಲ್ಲಿಂದ ಬಂತು ಮಿಕ್ಕ ಭಾರ?
‘ಗಾಳಿಯಿಂದ ಕಡ ತಗೊಳ್ಳುತ್ತೆ’ ಅಂದರು,
ಸಂತೆಯ ಈರುಳ್ಳಿಯವಳ ವಿಷಯ ಹೇಳಿದ ಹಾಗೆ.
ರಾತ್ರಿ ಕೆಂಕಿಯ ಸಿಪ್ಪೆ ಬಿಡಿಸುತ್ತ
ಅಮ್ಮನಿಗೂ ಹೇಳಿದೆ.
ಅವಳು ಕೇಳಿದ್ದು ಒಂದೇ:
‘ತೀರಿಸೋದು ಯಾವಾಗಂತೆ?’

ನಮ್ಮ ಹೊಗೆಕೊಳವೆಯದು ಒಂದನೇ ವ್ಯಾಪ್ತಿ.
ಕೊಂಡ ಕರೆಂಟಿನದು ಎರಡನೆಯದು.
ಮೂರನೆಯದಕ್ಕೆ ಗೋಡೆಯೇ ಇಲ್ಲ:
ದೋಣಿ, ಬಲೆ, ತಗಡು,
ಲಿವರ್‌ಪೂಲಿನ ಯಾರದೋ ಕಪಾಟಿನಲ್ಲಿ ಕೂತ ಡಬ್ಬಿ,
ಅವರು ಕಿತ್ತೆಸೆದ ಮುಚ್ಚಳ.
ಎಲ್ಲಿ ನಿಲ್ಲಿಸಲಿ?
‘ಸುಸ್ತಾದಲ್ಲಿ ಗೆರೆ ಎಳಿ.
ಗೆರೆ ಎಳೆದೆ ಅಂತ ಬರಿ.’

ಯಾವುದು ಮುಖ್ಯ ಎಂಬ ನಕ್ಷೆ ಬರೆಯುವ ದಿನ
ಹತ್ತು ಮಂದಿಯನ್ನು ಕರೆದು ಬಿಸ್ಕತ್ತು ಕೊಟ್ಟೆವು.
ಬ್ಯಾಂಕಿನವನು ಆಡಳಿತ ಅಂದ.
ಖರೀದಿದಾರರ ಏಜೆಂಟು ಡಾಲ್ಫಿನ್ ಅಂದ.
ಗೇಟಿನೆದುರು ಸಜ್ಜೆಗಂಜಿ ಮಾರುವ ಮುದುಕಿ
ಬಿಸ್ಕತ್ತು ಸೆರಗಿಗೆ ಕಟ್ಟಿಕೊಂಡು, ‘ವಾಸನೆ’ ಅಂದಳು.
ವಾಸನೆ ಅಳೆಯುವ ಮಾಪಕ ನಮ್ಮಲ್ಲಿಲ್ಲ.
ಅವಳ ಚುಕ್ಕೆ ಎಡಗಡೆ ಕೆಳಮೂಲೆಯಲ್ಲಿದೆ,
ತಿಳಿಹಸಿರು.

ಆಮೇಲೆ ಸಮಾಜ ಎಂಬ ಅಧ್ಯಾಯ.
ಕೆಲಸದ ದಿನ ಕಳೆದ ಗಾಯಗಳು:
ಹೋದ ವರ್ಷ ಸೊನ್ನೆ, ಈ ವರ್ಷ ಸೊನ್ನೆ.
ಎರಡೂ ಪಕ್ಕಪಕ್ಕ ಕೂತು
ಕನ್ನಡಕದ ಹಾಗೆ ನನ್ನನ್ನೇ ನೋಡಿದವು.
ನನಗೆ ಜಿಫಾ ಗೊತ್ತು.
ಆಗಸ್ಟಿನಲ್ಲಿ ಮೀನು ಬೇಯಿಸುವ ಹಬೆಪೆಟ್ಟಿಗೆಯ ಬಾಗಿಲು ಕಳಚಿ
ಬೆರಳಿಂದ ಮೊಣಕೈವರೆಗೆ ಬೆಂದವಳು.
ಮಾರನೇ ದಿನವೇ ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದರು,
ಒಳಹೋಗುವವರ ಟೋಪಿ ಎಣಿಸಲು.
ಬಂದಳಲ್ಲ? ದಿನ ಕಳೆಯಲಿಲ್ಲ.
ಅದೂ ಅಲ್ಲದೆ ಗುತ್ತಿಗೆಯವಳು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸುಳ್ಳಾ, ಎಂದೆ.
ಲಾರ್ಟೇ ಪೆನ್ನು ಮುಚ್ಚಿದರು, ತೆಗೆದರು, ಮುಚ್ಚಿದರು.
‘ಅಲ್ಲ. ವ್ಯಾಖ್ಯೆ.’
ಎದ್ದು ಹೋಗಿ ಫ್ಯಾನು ಜೋರು ಮಾಡಿ
ಅದರ ಸದ್ದಿನ ಮರೆಯಲ್ಲಿ ಅಂದರು:
‘ಸೊನ್ನೆ ಮುಟ್ಟಬೇಡ.
ಅದರ ಭುಜದ ಮೇಲೆ ಒಂದು ಸಣ್ಣ ಅಂಕಿ ಕೂರಿಸೋಷ್ಟು
ಜಾಗ ಇದೆ, ನೋಡು.’

ಅಡಿಟಿಪ್ಪಣಿ ಹದಿನಾಲ್ಕು ನಾನು ಬರೆದದ್ದು.
ನಾಲ್ಕು ಮೇಜು ದಾಟುವಷ್ಟರಲ್ಲಿ
‘ಬೆಂದ’ ಹೋಗಿ ‘ಉಷ್ಣಸಂಬಂಧಿ’ ಬಂತು,
‘ಕುರ್ಚಿ’ ಹೋಗಿ ‘ಹಗುರ ಕೆಲಸ’,
ಹೆಸರಂತೂ ಮೊದಲ ಮೇಜಿನಲ್ಲೇ ಉಳಿಯಿತು.
ಯಾರೂ ಮುಟ್ಟದೆ ಬಿಟ್ಟದ್ದು ಕೊನೆಯ ಪದ: ಒಂದು.
ಅಕ್ರಾದಿಂದ ಬಂದ ಪರಿಶೋಧಕ
ಡಬ್ಬಿಯಿಂದ ಮೂರು ರಸೀದಿ ಹೆಕ್ಕಿ
ಕಿಟಕಿಗೆ ಹಿಡಿದು, ಓರೆಮಾಡಿ,
ಸಹಿ ಹಾಕಿದ.

ಜಿಫಾ ಈಗ ಮತ್ತೆ ಮೀನು ಬಿಡಿಸುವ ಮೇಜಿನಲ್ಲಿದ್ದಾಳೆ.
ಊಟದ ಬಿಡುವಿನಲ್ಲಿ ಕರಡು ಪ್ರತಿ ಒಯ್ದೆ.
ನಲವತ್ತೇಳನೇ ಪುಟ, ಎಳ್ಳಿಗಿಂತ ಸಣ್ಣ ಅಕ್ಷರ.
‘ಎಲ್ಲಿದೀನಿ?’
ಬೆರಳಿಟ್ಟು ತೋರಿಸಿದೆ. ಅವಳೂ ಇಟ್ಟಳು,
ಹೊಸ ಚರ್ಮದ, ಗುಲಾಬಿ ಬಣ್ಣದ,
ಮೀನೆಣ್ಣೆ ಹತ್ತಿದ ಬೆರಳು.
‘ಡೆಕಾ’ ಎಂದಳು ತನ್ನ ಎವೆ ನುಡಿಯಲ್ಲಿ. ಒಂದು.
ಟೋಪಿ ಎಣಿಸುವಾಗಿನದೇ ದನಿ.

ಎಣ್ಣೆ ತಾಗಿದಲ್ಲಿ ಕಾಗದ ತಿಳಿಯಾಗಿ
ಹಿಂಬದಿಯ ಚಿತ್ರ ಮೆಲ್ಲಗೆ ಮೂಡಿತು:
ಫೋಟೋಗೆಂದೇ ಹೊಸ ಏಪ್ರನ್ ತೊಟ್ಟ ಸಾಲಿನಲ್ಲಿ
ಯಾರದೋ
ಮೊಣಕೈ.